ಕಲಬುರಗಿ ಬಿಸಿಲಲ್ಲಿ ಲೆಪರ್ಡ್ ಗೆಕ್ಕೊ ಗೂಡಿಗೆ ಹೀಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಲೆಪರ್ಡ್ ಗೆಕ್ಕೊ ಸಾಕಿದ್ದೀನಿ, ಹಲ್ಲಿ ಜಾತಿಯ ಪ್ರಾಣಿ. ಮನೆಗೆ ಬಂದವರು ಮೊದಲು ಕೇಳೋದು, ಇದು ಕಚ್ಚುತ್ತಾ ಅಂತ. ಎರಡನೇದು, ಇದಕ್ಕೆ ವಿಷ ಇದೆಯಾ ಅಂತ. ಕಚ್ಚೋದು ಅಪರೂಪ. ವಿಷ ಯಾವ ಗೆಕ್ಕೊಗೂ ಇಲ್ಲ. ಆಮೇಲೆ ಗೂಡಿನ ಹಿಂದೆ ಹೋಗಿರುವ ವೈರ್ ಕಣ್ಣಿಗೆ ಬೀಳುತ್ತೆ, ಅಲ್ಲಿಂದ ಹೀಟರ್ ಪ್ರಶ್ನೆಗಳು ಶುರು. ಪಕ್ಕದ ಮನೆ ಕಾಕಾ ಅಂತೂ ಮೊದಲ ದಿನವೇ ಅಂದುಬಿಟ್ಟರು: "ನಮಗೇ ಕೂಲರ್ ಸಾಲವಲ್ದು, ಈ ಹಲ್ಲಿಗ್ಯಾಕ ಹೀಟರ್?" ನಗು ಬಂತು, ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ಹಾಗಾಗಿ ಅಲ್ಲಿಂದಲೇ ಶುರು ಮಾಡ್ತೀನಿ.

ನಮ್ಮ ಕಡೆ ಇಷ್ಟು ಬಿಸಿಲಿದೆ, ನಿಜವಾಗಿಯೂ ಹೀಟರ್ ಬೇಕಾ?

ವರ್ಷಪೂರ್ತಿ ಬೇಡ. ದೀಪಾವಳಿ ಮುಗಿದ ಮೇಲೆ ರಾತ್ರಿ ಥಂಡಿ ಏರುತ್ತೆ, ಎಳ್ಳ ಅಮಾವಾಸ್ಯೆ ಹೊತ್ತಿಗೆ ಜೋರಾಗಿರುತ್ತೆ, ಶರಣಬಸವೇಶ್ವರ ಜಾತ್ರೆ ಬರುವಷ್ಟರಲ್ಲಿ ಹೋಗಿರುತ್ತೆ. ಈ ನಡುವಿನ ದಿನಗಳಲ್ಲಿ ಹೀಟರ್ ಬೇಕೇ ಬೇಕು. ಬೀದರ್ ಎತ್ತರದಲ್ಲಿದೆ, ಅಲ್ಲಿ ಚಳಿ ಇನ್ನೂ ಜಾಸ್ತಿ, ಕೆಲವು ರಾತ್ರಿ 10 ಡಿಗ್ರಿ ಆಸುಪಾಸು ಇಳಿಯುತ್ತೆ. ಮಳೆಗಾಲದಲ್ಲಿ ಮೂರ್ನಾಲ್ಕು ದಿನ ಮೋಡ ಹಿಡಿದರೆ ಆಗ ಸ್ವಲ್ಪ ಬೇಕಾಗುತ್ತೆ. ಏಪ್ರಿಲ್, ಮೇನಲ್ಲಿ ಹೊರಗೆ 42–43 ಇರುವಾಗ ಹೀಟರ್ ಪ್ಲಗ್ ಕಿತ್ತು ಕಪಾಟಿನಲ್ಲಿಡಿ.

ಬಿಸಿ ಬೇಕಾಗೋದು ಯಾಕೆ ಅಂದರೆ, ಗೆಕ್ಕೊಗೆ ನಮ್ಮ ಹಾಗೆ ಒಳಗಿಂದ ಮೈ ಬಿಸಿ ಹುಟ್ಟಲ್ಲ. ಹೊರಗಿನ ಬಿಸಿಯನ್ನೇ ಮೈಗೆ ತಗೋಬೇಕು. ಲೆಪರ್ಡ್ ಗೆಕ್ಕೊ ಮೂಲತಃ ಅಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ನಮ್ಮ ದೇಶದ ವಾಯವ್ಯ ಭಾಗದ ಕಲ್ಲುಗುಡ್ಡದ ಪ್ರಾಣಿ. ಹಗಲು ಕಲ್ಲಿನ ಸಂದಿಯಲ್ಲಿರುತ್ತೆ, ಕತ್ತಲಾಗುವ ಹೊತ್ತಿಗೆ ಹೊರಗೆ ಬರುತ್ತೆ. ಹಗಲೆಲ್ಲ ಬಿಸಿಲು ಕುಡಿದ ಕಲ್ಲು ಸಂಜೆಯೂ ಬೆಚ್ಚಗಿರುತ್ತಲ್ವಾ, ಅದರ ಮೇಲೆ ಹೊಟ್ಟೆ ಒತ್ತಿ ಮಲಗುತ್ತೆ. ನಾವು ಗೂಡಿನಲ್ಲಿ ಮಾಡಬೇಕಾಗಿರೋದು ಆ ಕಲ್ಲಿನ ಕೆಲಸ.

ಗೂಡಿನಲ್ಲಿ ಎಷ್ಟು ಡಿಗ್ರಿ ಇರಬೇಕು?

ಇಡೀ ಗೂಡಿಗೆ ಒಂದೇ ಲೆಕ್ಕ ಇಟ್ಟರೆ ಅಲ್ಲೇ ಎಡವಟ್ಟು. ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಣ್ಣಗೆ ಇರಬೇಕು. ಬೆಚ್ಚಗಿನ ಕಡೆ ನೆಲ 31ರಿಂದ 33 ಡಿಗ್ರಿ. ತಣ್ಣಗಿನ ಕಡೆ 24ರಿಂದ 26. ಯಾವಾಗ ಎಲ್ಲಿರಬೇಕು ಅಂತ ಅದೇ ನೋಡಿಕೊಳ್ಳುತ್ತೆ. ತಿಂದ ಮೇಲೆ ಬೆಚ್ಚಗಿನ ಕಡೆ ಬರುತ್ತೆ, ಸಾಕಾದರೆ ಆ ಕಡೆ ಹೋಗುತ್ತೆ. ರಾತ್ರಿ 20ಕ್ಕೆ ಇಳಿದರೂ ಆರೋಗ್ಯವಾಗಿರುವ ದೊಡ್ಡ ಗೆಕ್ಕೊಗೆ ತೊಂದರೆ ಇಲ್ಲ. ಅಮೆರಿಕದವರು ಬರೆದದ್ದರಲ್ಲಿ 90 ಅಂತ ಇದ್ದರೆ ಅದು ಫ್ಯಾರನ್‌ಹೀಟ್, ನಮ್ಮ 32. ಗಾಬರಿಯಾಗಬೇಡಿ.

ಗೂಡು ಚಿಕ್ಕದಾದರೆ ಈ ಎರಡು ತುದಿ ಮಾಡಲಿಕ್ಕೇ ಬರಲ್ಲ. ಒಂದಡಿ ಡಬ್ಬಿಗೆ ಹೀಟ್ ಮ್ಯಾಟ್ (ಕರೆಂಟಿಗೆ ಕಾಯುವ ತೆಳ್ಳನೆ ಹಾಳೆ) ಹಾಕಿದರೆ ಇಡೀ ಡಬ್ಬಿಯೇ ಒಲೆ. ದೊಡ್ಡ ಗೆಕ್ಕೊಗೆ ಮೂರಡಿ ಉದ್ದ, ಒಂದೂವರೆ ಅಡಿ ಅಗಲ ಇದ್ದರೆ ಆರಾಮ. ಎರಡೂ ತುದಿಯಲ್ಲಿ ಒಂದೊಂದು ಅಡಗುವ ಜಾಗ ಇಡಿ. ಒಂದೇ ಕಡೆ ಇಟ್ಟರೆ ಸೆಕೆಯಾದರೂ ಹೆದರಿಕೆಗೆ ಅಲ್ಲೇ ಕೂತಿರುತ್ತೆ. ಕುಂಬಾರರ ಹತ್ತಿರ ಬಾಯಿ ಒಡೆದ ಗಡಿಗೆ ಸಿಕ್ಕರೆ ಅದನ್ನೇ ಬೋರಲು ಹಾಕಿ, ಅಂಚು ತಿಕ್ಕಿ ನುಣ್ಣಗೆ ಮಾಡಿ ಸಾಕು.

ಬಿಸಿ ಸಾಲದಿದ್ದರೆ ಏನಾಗುತ್ತೆ?

ಮೊದಲು ಜೀರ್ಣ ನಿಲ್ಲುತ್ತೆ. ತಿಂದ ಹುಳ ಹೊಟ್ಟೆಯಲ್ಲೇ ಉಳಿಯುತ್ತೆ, ಒಮ್ಮೊಮ್ಮೆ ಎರಡು ದಿನ ಬಿಟ್ಟು ಹಾಗೇ ವಾಂತಿ ಮಾಡುತ್ತೆ. ಆಮೇಲೆ ತಿನ್ನೋದೇ ಬಿಡುತ್ತೆ. ಕೊಬ್ಬು ಬಾಲದಲ್ಲಿರುತ್ತೆ, ಹಾಗಾಗಿ ದಪ್ಪಗಿದ್ದ ಬಾಲ ಸಣ್ಣಗಾಗುತ್ತಾ ಬಂದರೆ ಏನೋ ಸರಿಯಿಲ್ಲ ಅಂತ ಅರ್ಥ. ಚಳಿಗಾಲದಲ್ಲಿ ಗೆಕ್ಕೊ ಮಂಕಾದರೆ ಔಷಧಿ ಹುಡುಕುವ ಮೊದಲು ನೆಲದ ಉಷ್ಣಾಂಶ ಅಳೆದು ನೋಡಿ.

ಹೀಟ್ ಮ್ಯಾಟ್, ಬಲ್ಬ್, ಸೆರಾಮಿಕ್ ಹೀಟರ್, ಯಾವುದು ತಗೋಬೇಕು?

ಗಾಜಿನ ಗೂಡಾದರೆ, ಮೊದಲ ಸಲ ಸಾಕುತ್ತಿದ್ದರೆ, 7–8 ವ್ಯಾಟ್‌ನ ಚಿಕ್ಕ ಮ್ಯಾಟ್‌ನಿಂದ ಶುರು ಮಾಡಿ. ಗೂಡಿನ ಹೊರಗೆ, ಗಾಜಿನ ಕೆಳಗೆ, ನೆಲದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಆವರಿಸದ ಹಾಗೆ ಹಾಕಬೇಕು. ಗೂಡಿನ ನಾಲ್ಕು ಮೂಲೆಗೆ ರಬ್ಬರ್ ಬುಷ್ ಕೊಟ್ಟು ಸ್ವಲ್ಪ ಎತ್ತರಿಸಿ. ಕೆಳಗೆ ಗಾಳಿ ಆಡದಿದ್ದರೆ ಬಿಸಿ ಅಲ್ಲೇ ಕೂಡಿ ಗಾಜು ಸೀಳುತ್ತೆ. ಅದೇ ಕಾರಣಕ್ಕೆ ಮ್ಯಾಟ್ ಮೇಲಿನ ಜಾಗದಲ್ಲಿ ಎರಡು ಇಂಚು ಮರಳು ಸುರಿಯಬೇಡಿ. ಮೇಲೆ ಬಿಸಿ ಬರಲ್ಲ, ಕೆಳಗೆ ಕುದಿಯುತ್ತಿರುತ್ತೆ. ಮ್ಯಾಟ್ ಮಡಚಬಾರದು, ಒಮ್ಮೆ ಅಂಟಿಸಿದ್ದನ್ನು ಕಿತ್ತು ಮತ್ತೆ ಅಂಟಿಸಬಾರದು. ಮಡಚಿದ ಜಾಗದಲ್ಲಿ ಒಳಗಿನ ಎಳೆ ಹಾಳಾಗಿ ಅಲ್ಲಷ್ಟೇ ಸುಡಲಿಕ್ಕೆ ಶುರುವಾಗುತ್ತೆ.

ಮ್ಯಾಟ್‌ನ ಕೊರತೆ ಏನಂದರೆ ಅದು ನೆಲ ಬಿಸಿ ಮಾಡುತ್ತೆ, ಗಾಳಿಯನ್ನು ಅಷ್ಟಾಗಿ ಮಾಡಲ್ಲ. ಕಲಬುರಗಿ ಚಳಿಗೆ ಅಷ್ಟು ಸಾಕು. ಬೀದರ್‌ನಲ್ಲಿ ಡಿಸೆಂಬರ್ ರಾತ್ರಿಗೆ ಸಾಲದೆ ಹೋಗಬಹುದು. ಆಗ ಮೇಲಿಂದ ಸೆರಾಮಿಕ್ ಹೀಟರ್. ಅದು ಬಲ್ಬ್ ಹಾಗೆ ಹೋಲ್ಡರ್‌ಗೆ ಸಿಕ್ಕಿಸುವಂಥದ್ದು, ಬೆಳಕು ಕೊಡಲ್ಲ, ಬರೀ ಬಿಸಿ. ಬೆಳಕಿಲ್ಲ ಅಂತಲೇ ಜನ ಮೋಸ ಹೋಗೋದು, ಆರಿದೆ ಅಂದುಕೊಂಡು ಕೈ ಹಾಕ್ತಾರೆ. ಅದರ ಮೈ 200 ಡಿಗ್ರಿ ದಾಟುತ್ತೆ. ಪ್ಲಾಸ್ಟಿಕ್ ಹೋಲ್ಡರ್ ಕರಗಿ ಇಳಿಯುತ್ತೆ, ಪಿಂಗಾಣಿ ಹೋಲ್ಡರ್‌ಗೇ ಹಾಕಬೇಕು. ಸುತ್ತ ತಂತಿ ಜಾಲರಿ ಇಲ್ಲದೆ ಗೂಡಿನೊಳಗೆ ಇಡಲೇಬಾರದು.

ಹ್ಯಾಲೋಜನ್ ಬಲ್ಬ್ ಹಗಲಿಗೆ ಒಳ್ಳೇದು. ಬಿಸಿಲಿನ ಥರಾನೇ ಕಲ್ಲನ್ನೂ ಮೈಯನ್ನೂ ಮೇಲಿಂದ ಕಾಯಿಸುತ್ತೆ. ರಾತ್ರಿ ಆರಿಸಬೇಕು. ಇನ್ನೊಂದು, ಎಲ್‌ಇಡಿ ಬಲ್ಬ್ ಹಾಕಿ "ಬಿಸಿನೇ ಬರ್ತಿಲ್ಲ" ಅನ್ನುವವರು ಇದ್ದಾರೆ. ಕಡಿಮೆ ಬಿಸಿಯಾಗಲಿ ಅಂತಲೇ ಮಾಡಿರೋ ಬಲ್ಬ್ ಅದು.

ಥರ್ಮೋಸ್ಟಾಟ್ ಇಲ್ಲದೆ ನಡೆಯಲ್ವಾ? ಮ್ಯಾಟ್ ಮೇಲೆ ಕೈ ಇಟ್ಟರೆ ಬೆಚ್ಚಗಷ್ಟೇ ಇದೆ.

ನಡೆಯಲ್ಲ. ಬಿಸಿ ಅಳೆದು ಹೀಟರನ್ನು ತಾನೇ ಹತ್ತಿಸಿ ಆರಿಸೋದು ಥರ್ಮೋಸ್ಟಾಟ್. ಬೇರೆ ಯಾವುದರಲ್ಲಿ ಬೇಕಾದರೂ ಉಳಿತಾಯ ಮಾಡಿ, ಇದರಲ್ಲಿ ಬೇಡ. ದುಡ್ಡು ಕಡಿಮೆ ಇದ್ದರೆ ಮೊದಲು ಥರ್ಮೋಸ್ಟಾಟ್ ತಗೊಳ್ಳಿ, ಆಮೇಲೆ ಹೀಟರ್, ಆಮೇಲೆ ಗೆಕ್ಕೊ.

ಬರಿಗೈ ಇಟ್ಟು ನೋಡೋದು ಲೆಕ್ಕಕ್ಕಿಲ್ಲ. ನಮ್ಮ ಚರ್ಮವೇ 32–33 ಇರುತ್ತೆ, ಹಾಗಾಗಿ 38 ಇದ್ದರೂ "ಹಿತವಾಗಿದೆ" ಅನಿಸುತ್ತೆ. ನಾವು ಎರಡು ಸೆಕೆಂಡ್ ಇಟ್ಟು ತೆಗೀತೀವಿ. ಗೆಕ್ಕೊ ಅದರ ಮೇಲೆ ಆರು ತಾಸು ಮಲಗಿರುತ್ತೆ. ಹೊಟ್ಟೆ ಸುಡುತ್ತಿದ್ದರೂ ಎಷ್ಟೋ ಸಲ ಅದು ತಕ್ಷಣ ಎದ್ದು ಹೋಗಲ್ಲ. ಥರ್ಮೋಸ್ಟಾಟ್ ಇಲ್ಲದ ಮ್ಯಾಟ್ 45 ಡಿಗ್ರಿ ದಾಟೋದು ದೊಡ್ಡ ಮಾತೇನಲ್ಲ.

ಮೊಟ್ಟೆ ಮರಿ ಮಾಡುವ ಇನ್‌ಕ್ಯುಬೇಟರ್‌ಗೆ ಹಾಕುವ ಥರ್ಮೋಸ್ಟಾಟ್ ಬಳಸಬಹುದಾ?

ಮ್ಯಾಟ್‌ಗೆ ಬಳಸಬಹುದು, ನಾನೂ ಅದನ್ನೇ ಬಳಸ್ತೀನಿ. ಎಸ್‌ಟಿಸಿ-1000 ಅಂತ ಬರುತ್ತೆ, ಅಗ್ಗ. ಎಫ್1ರಲ್ಲಿ 32, ಎಫ್2ರಲ್ಲಿ 0.5 ಇಡಿ. 32 ಆದಾಗ ಆರುತ್ತೆ, 31.5ಕ್ಕೆ ಮತ್ತೆ ಹತ್ತುತ್ತೆ. ಆದರೆ ಅದರ ಬೆನ್ನಿನಲ್ಲಿ 230 ವೋಲ್ಟ್ ಹರಿಯುವ ಸ್ಕ್ರೂಗಳು ಬಯಲಿಗೇ ಇರುತ್ತವೆ. ಹಾಗೇ ಗೂಡಿನ ಹಿಂದೆ ನೇತು ಹಾಕಬೇಡಿ. ಕರೆಂಟ್ ಕೆಲಸ ಗೊತ್ತಿರುವವರ ಕೈಯಲ್ಲಿ ಪ್ಲಾಸ್ಟಿಕ್ ಸ್ವಿಚ್ ಬಾಕ್ಸ್‌ನಲ್ಲಿ ಕೂರಿಸಿ, ಮುಂದೆ ಸಾಕೆಟ್ ಕೊಡಿಸಿ.

ಇದು ಆನ್-ಆಫ್ ಜಾತಿದು. ಬಲ್ಬ್‌ಗೆ ಹಾಕಿದರೆ ಬಲ್ಬ್ ಪಕಪಕ ಅಂತ ಹತ್ತಿ ಆರಿ ಬೇಗ ಸಾಯುತ್ತೆ, ಗೆಕ್ಕೊಗೂ ಕಿರಿಕಿರಿ. ಹ್ಯಾಲೋಜನ್‌ಗೆ ಡಿಮ್ಮಿಂಗ್ ಥರ್ಮೋಸ್ಟಾಟ್ (ಪೂರ್ತಿ ಆರಿಸದೆ ನಿಧಾನ ಏರಿಸಿ ಇಳಿಸುವಂಥದ್ದು) ಬೇಕು. ಸೆರಾಮಿಕ್‌ಗೆ ಡಿಮ್ಮಿಂಗ್ ಅಥವಾ ಪಲ್ಸ್ (ಕರೆಂಟನ್ನು ಬಿಟ್ಟು ಬಿಟ್ಟು ಚೂರು ಚೂರಾಗಿ ಕೊಡುವಂಥದ್ದು).

ಮತ್ತೊಂದು ವಿಷಯ ಯಾರೂ ಹೇಳಲ್ಲ. ಥರ್ಮೋಸ್ಟಾಟ್ ಒಳಗಿನ ರಿಲೇ (ಹೀಟರ್ ಹತ್ತಿಸಿ ಆರಿಸುವ ಸ್ವಿಚ್) ಒಂದಲ್ಲ ಒಂದು ದಿನ ಅಂಟಿಕೊಳ್ಳಬಹುದು. ಅಂಟಿಕೊಂಡರೆ ಪರದೆ ಮೇಲೆ ಏನು ತೋರಿಸಿದರೂ ಹೀಟರ್ ಉರಿಯುತ್ತಲೇ ಇರುತ್ತೆ. ಅದಕ್ಕೇ ದೊಡ್ಡ ವ್ಯಾಟ್ ತಗೊಂಡು ಥರ್ಮೋಸ್ಟಾಟ್ ಮೇಲೆ ಭಾರ ಹಾಕೋದು ಬೇಡ ಅನ್ನೋದು. 8 ವ್ಯಾಟ್‌ನದು ಅಂಟಿಕೊಂಡರೆ ಗೆಕ್ಕೊ ತಣ್ಣಗಿನ ಕಡೆ ಓಡಿ ಬದುಕಬಹುದು. ಚಿಕ್ಕ ಗೂಡಿನಲ್ಲಿ 100 ವ್ಯಾಟ್‌ನದು ಅಂಟಿಕೊಂಡರೆ ಓಡಲಿಕ್ಕೆ ಜಾಗವೇ ಇರಲ್ಲ.

ಥರ್ಮೋಸ್ಟಾಟ್‌ನ ಪ್ರೋಬ್ (ವೈರ್ ತುದಿಯಲ್ಲಿ ಬಿಸಿ ಅಳೆಯುವ ಭಾಗ) ಎಲ್ಲಿ ಇಡಬೇಕು?

ಗೆಕ್ಕೊ ಹೊಟ್ಟೆ ಎಲ್ಲಿ ತಾಗುತ್ತೋ ಅಲ್ಲಿ. ಅಂದರೆ ಬೆಚ್ಚಗಿನ ಕಡೆ ಅಡಗಲು ಬೋರಲು ಹಾಕಿದ ಗಡಿಗೆಯ ಕೆಳಗೆ, ನೆಲಕ್ಕೆ ಅಂಟಿದ ಹಾಗೆ. ಗೋಡೆ ಮೇಲಲ್ಲ, ಗೂಡಿನ ಮಧ್ಯದಲ್ಲೂ ಅಲ್ಲ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಮೊದಲ ಚಳಿಗಾಲ, ಪ್ರೋಬ್ ಅನ್ನು ಸುಮ್ನೆ ನೆಲದ ಮೇಲೆ ಇಟ್ಟಿದ್ದೆ, ಅಂಟಿಸಿರಲಿಲ್ಲ. ನಮ್ಮ ಗೆಕ್ಕೊ ಚುಕ್ಕಿಗೆ ರಾತ್ರಿ ಹೊತ್ತು ಕೆರೆಯುವ ಚಟ. ಕೆರೆದು ಕೆರೆದು ಪ್ರೋಬ್ ವೈರ್ ಎಳೆದು ಅದನ್ನು ನೀರಿನ ಬಟ್ಟಲಿಗೆ ಬೀಳಿಸಿದ್ದಳು. ನೀರು 17 ಡಿಗ್ರಿ. ಥರ್ಮೋಸ್ಟಾಟ್ ಪಾಪ ಏನು ಮಾಡುತ್ತೆ, ಗೂಡು 17 ಇದೆ ಅಂದುಕೊಂಡು ರಾತ್ರಿಯೆಲ್ಲ ಮ್ಯಾಟ್ ಉರಿಸಿದೆ. ಬೆಳಿಗ್ಗೆ ಎದ್ದು ನೋಡಿದರೆ ಚುಕ್ಕಿ ತಣ್ಣಗಿನ ತುದಿಯಲ್ಲಿ, ಗಾಜಿಗೆ ಮೂಗು ಒತ್ತಿ, ನಾಲ್ಕೂ ಕಾಲು ಅಗಲ ಚೆಲ್ಲಿ ಬಿದ್ದಿದ್ದಳು. ಟೆಂಪರೇಚರ್ ಗನ್ ಹಿಡಿದರೆ ಬೆಚ್ಚಗಿನ ನೆಲ 46. ಪರದೆ ಮೇಲೆ ಮಾತ್ರ ಹಸಿರು ಅಕ್ಷರದಲ್ಲಿ 17.2 ಅಂತ ಹೊಳೀತಿತ್ತು. ಆ ತುದಿ ಇಲ್ಲದಿದ್ದರೆ ಅವತ್ತು ಅವಳು ಉಳಿಯುತ್ತಿರಲಿಲ್ಲ.

ಅಕ್ವೇರಿಯಂಗೆ ಬಳಸುವ ಸಿಲಿಕೋನ್‌ನಿಂದ ಪ್ರೋಬ್ ಅಂಟಿಸಿ, ಪೂರ್ತಿ ಒಣಗಿ ವಾಸನೆ ಹೋದ ಮೇಲೆ ಗೆಕ್ಕೊ ಬಿಡಿ. ಗೂಡಿನೊಳಗೆ ಸೆಲ್ಲೋ ಟೇಪ್, ಇನ್ಸುಲೇಶನ್ ಟೇಪ್ ಬೇಡವೇ ಬೇಡ. ಬಿಸಿಗೆ ಟೇಪ್ ಬಿಟ್ಟುಕೊಂಡು ಗೆಕ್ಕೊ ಮೈಗೆ ಅಂಟುತ್ತೆ, ಕೀಳಲು ಹೋದರೆ ಚರ್ಮವೇ ಬರುತ್ತೆ.

ಅಳೆಯೋದು ಹೇಗೆ? ಅಂಟಿಸುವ ಗುಂಡನೆ ಮೀಟರ್ ಸಾಕಾ?

ಆ ಮುಳ್ಳಿನ ಮೀಟರ್ ಶೋಕಿಗೆ. ಅದು ಗಾಜಿನ ಹತ್ತಿರದ ಗಾಳಿಯನ್ನು ಹೇಳುತ್ತೆ, ಅದೂ ತಪ್ಪಾಗಿ. ವೈರ್ ಇರುವ ಡಿಜಿಟಲ್ ಥರ್ಮಾಮೀಟರ್ ಎರಡು ಇಟ್ಟುಕೊಳ್ಳಿ, ಒಂದೊಂದು ತುದಿಗೆ ಒಂದೊಂದು. ಥರ್ಮೋಸ್ಟಾಟ್ ತನ್ನ ಬಗ್ಗೆ ತಾನೇ ಹೇಳೋದನ್ನು ನಂಬಬೇಡಿ, ಬೇರೆ ಸಾಕ್ಷಿ ಬೇಕು. ಟೆಂಪರೇಚರ್ ಗನ್ ಇದ್ದರೆ ಇನ್ನೂ ಒಳ್ಳೇದು, ಆದರೆ ಗನ್ ಮೇಲ್ಮೈಯನ್ನು ಅಳೆಯುತ್ತೆ, ಗಾಳಿಯನ್ನಲ್ಲ. ಕೊರೊನಾ ಟೈಮಲ್ಲಿ ಹಣೆಗೆ ಹಿಡಿಯಲು ತಂದ ಗನ್ ಮೈಬಿಸಿಯ ಲೆಕ್ಕಕ್ಕೆ ಮಾಡಿದ್ದು, ಅದು ಇಲ್ಲಿ ಬರಲ್ಲ.

ಶಹಾಬಾದ್ ಕಲ್ಲು ಹಾಕಬಹುದಾ?

ಇದನ್ನು ಕೇಳಿದರೆ ನನಗೆ ಖುಷಿ. ಬೇರೆ ಊರಿನವರು ಸ್ಲೇಟ್ ಕಲ್ಲು ಅಂತ ದುಡ್ಡು ಕೊಟ್ಟು ತರಿಸ್ತಾರೆ. ನಮ್ಮಲ್ಲಿ ಮನೆ ಕಟ್ಟುವ ಕಡೆ ಹೋದರೆ ಫರಸಿ (ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು) ಚೂರು ಬಿದ್ದಿರುತ್ತೆ, ಕೇಳಿ ತಗೋಬಹುದು. ಸುಣ್ಣದ ಕಲ್ಲು ಅದು, ಬಿಸಿಯನ್ನು ನಿಧಾನ ಕುಡಿದು ನಿಧಾನ ಬಿಡುತ್ತೆ. ಕರೆಂಟ್ ಹೋದ ಮೇಲೂ ಸುಮಾರು ಹೊತ್ತು ಬೆಚ್ಚಗಿರುತ್ತೆ.

ಒರಟು ಮುಖ ಮೇಲೆ ಬರಲಿ. ಪಾಲಿಶ್ ಮುಖದ ಮೇಲೆ ಗೆಕ್ಕೊ ಕಾಲು ಜಾರುತ್ತೆ. ಲೆಪರ್ಡ್ ಗೆಕ್ಕೊಗೆ ಗೋಡೆ ಹಲ್ಲಿಯ ಹಾಗೆ ಅಂಟುವ ಬೆರಳಿಲ್ಲ, ಬರೀ ಉಗುರು. ಪೊರೆ ಬಿಡುವಾಗ ಮೈ ಉಜ್ಜಲಿಕ್ಕೂ ಒರಟು ಮುಖವೇ ಬೇಕು. ಕತ್ತರಿಸಿದ ಅಂಚು ಗರಗಸದ ಹಾಗಿರುತ್ತೆ, ಇನ್ನೊಂದು ಕಲ್ಲಿಗೆ ತಿಕ್ಕಿ ಮೊಂಡು ಮಾಡಿ. ಚೆನ್ನಾಗಿ ತೊಳೆದು ಬಿಸಿಲಲ್ಲಿ ಒಣಗಿಸಿ.

ದಪ್ಪದ ಲೆಕ್ಕ ಇದೆ. ಮೇಲಿಂದ ಹ್ಯಾಲೋಜನ್ ಇದ್ದರೆ ಒಂದಿಂಚು ದಪ್ಪ ನಡೆಯುತ್ತೆ. ಕೆಳಗಿಂದ ಮ್ಯಾಟ್ ಇದ್ದರೆ ಸಿಕ್ಕಿದ್ದರಲ್ಲೇ ತೆಳ್ಳನೆಯದು ಹುಡುಕಿ. ದಪ್ಪ ಕಲ್ಲಿನ ಮೇಲ್ಮುಖ 32 ಆಗುವಷ್ಟರಲ್ಲಿ ಕೆಳಮುಖ 40 ದಾಟಿರುತ್ತೆ, ಮ್ಯಾಟ್ ಆರಿದ ಮೇಲೂ ಆ ಬಿಸಿ ಮೇಲೆ ಏರುತ್ತಲೇ ಇರುತ್ತೆ. ಒಲೆ ಆರಿಸಿದ ಮೇಲೂ ರೊಟ್ಟಿ ಹಂಚು ಸುಡುತ್ತಲ್ವಾ, ಹಾಗೇ. ಕಲ್ಲು ಕೂರಿಸಿದ ಮೇಲೆ ಗೆಕ್ಕೊ ಬಿಡದೆ ಎರಡು ದಿನ ಗನ್ ಹಿಡಿದು ನೋಡಿ. ಕಲ್ಲು ನೇರವಾಗಿ ಗೂಡಿನ ತಳದ ಮೇಲೆ ಕೂತಿರಲಿ. ಮಣ್ಣಿನ ಮೇಲೆ ಇಟ್ಟರೆ ಗೆಕ್ಕೊ ಕೆಳಗೆ ತೋಡುತ್ತೆ, ಕಲ್ಲು ಕುಸಿದು ಮೈ ಮೇಲೆ ಕೂರುತ್ತೆ.

ಕರೆಂಟ್ ಹೀಟ್ ರಾಕ್, ಕೆಂಪು ಬಲ್ಬ್?

ಒಳಗೆ ಹೀಟರ್ ಇರುವ ಆ ನಕಲಿ ಕಲ್ಲು ಬೇಡ. ಒಂದೊಂದು ಜಾಗ ವಿಪರೀತ ಕಾಯುತ್ತೆ, ಹೊಟ್ಟೆ ಸುಡೋದು ಇದರಿಂದಲೇ ಜಾಸ್ತಿ. ಕೆಂಪು ಬಲ್ಬ್ ಗೆಕ್ಕೊಗೆ ಕಾಣಲ್ಲ ಅಂತ ಅಂಗಡಿಯವರು ಹೇಳ್ತಾರೆ. ಕಾಣುತ್ತೆ. ನಮಗೆ ಬಣ್ಣವೇ ತಿಳಿಯದ ಮಂದ ಬೆಳಕಿನಲ್ಲೂ ಹೆಲ್ಮೆಟ್ ಗೆಕ್ಕೊಗಳು ಬಣ್ಣ ಗುರುತಿಸುತ್ತವೆ ಅಂತ ಸ್ವೀಡನ್‌ನ ವಿಜ್ಞಾನಿಗಳು 2004ರಲ್ಲೇ ತೋರಿಸಿದ್ದಾರೆ. ರಾತ್ರಿ ಕತ್ತಲೇ ಇರಲಿ.

ಅಮೆರಿಕದಲ್ಲಿರುವ ಅಣ್ಣ ಮ್ಯಾಟ್ ತಂದಿದ್ದಾನೆ, ಹಾಕಲಾ?

ಹಿಂದೆ ಏನು ಬರೆದಿದೆ ನೋಡಿ. 110 ಅಥವಾ 120 ವೋಲ್ಟ್ ಅಂತಿದ್ದರೆ ನಮ್ಮ ಸಾಕೆಟ್‌ಗೆ ಹಾಕಬೇಡಿ. ವೋಲ್ಟೇಜ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟಾಗುತ್ತೆ. 110ರ ಮ್ಯಾಟ್‌ಗೆ 230 ಕೊಟ್ಟರೆ ನಾಲ್ಕು ಪಟ್ಟಿಗೂ ಮೇಲೆ. ಪಿನ್ ಬದಲಿಸುವ ಅಡಾಪ್ಟರ್ ಹಾಕಿದರೆ ಪಿನ್ ಮಾತ್ರ ಬದಲಾಗುತ್ತೆ, ವೋಲ್ಟೇಜ್ ಅದೇ. ದುಬೈ, ಸೌದಿಯಿಂದ ತಂದದ್ದಾದರೂ ಒಮ್ಮೆ ಓದಿ ನೋಡಿ.

ಇದೇ ಲೆಕ್ಕ ನಮ್ಮ ವೋಲ್ಟೇಜ್ ಏರಿಳಿತಕ್ಕೂ ಬರುತ್ತೆ. ಎಲ್ಲರೂ ಪಂಪ್ ಹಾಕಿದ ಹೊತ್ತಿಗೆ 190ಕ್ಕೆ ಇಳಿದರೆ ಸುಮಾರು ಮೂರನೇ ಒಂದು ಭಾಗ ಬಿಸಿ ಕಮ್ಮಿ. ಮಧ್ಯರಾತ್ರಿ 250ಕ್ಕೆ ಏರಿದರೆ ಹೆಚ್ಚುಕಮ್ಮಿ ಐದನೇ ಒಂದು ಭಾಗ ಜಾಸ್ತಿ. ಫ್ಯಾನ್ ರೆಗ್ಯುಲೇಟರ್ ತಿರುಗಿಸಿ ಒಂದು ಕಡೆ ನಿಲ್ಲಿಸಿ "ಸರಿಹೋಯ್ತು" ಅನ್ನುವವರಿಗೆ ಇದನ್ನೇ ಹೇಳೋದು. ಸಂಜೆ ಸರಿಯಿದ್ದದ್ದು ರಾತ್ರಿ ಎರಡಕ್ಕೆ ಸರಿಯಿರಲ್ಲ.

ವೈರಿಂಗ್‌ನಲ್ಲಿ ಏನು ನೋಡಬೇಕು?

ಎಕ್ಸ್‌ಟೆನ್ಶನ್ ಬೋರ್ಡ್ ನೆಲದ ಮೇಲೆ, ನೀರಿನ ಬಟ್ಟಲ ಕೆಳಗೆ ಇರಬಾರದು. ವೈರ್ ಸಾಕೆಟ್‌ಗೆ ಹೋಗುವ ಮೊದಲು ಒಮ್ಮೆ ಕೆಳಗೆ ಜೋತು ಬಿದ್ದು ಮೇಲೆ ಹೋಗಲಿ. ನೀರು ಹರಿದರೆ ಆ ಬಗ್ಗಿದ ಕಡೆ ತೊಟ್ಟಿಕ್ಕಿ ಬೀಳುತ್ತೆ, ಸಾಕೆಟ್‌ಗೆ ಹೋಗಲ್ಲ. ಮನೆಯಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇಲ್ಲದಿದ್ದರೆ ಹಾಕಿಸಿ, ಅದು ಗೆಕ್ಕೊಗಿಂತ ನಿಮಗೇ ಜಾಸ್ತಿ ಬೇಕು. ಸೆರಾಮಿಕ್, ಹ್ಯಾಲೋಜನ್ ಹತ್ತಿರ ಪರದೆ, ರಟ್ಟು, ತೆಂಗಿನ ನಾರು ಬೇಡ. ಮ್ಯಾಟ್ ಕೆಳಗೆ ಥರ್ಮೋಕೋಲ್ ಇಡುವವರಿದ್ದಾರೆ, ಅದು ಕರಗುತ್ತೆ. ತಿಂಗಳಿಗೊಮ್ಮೆ ಪ್ಲಗ್ ಕಿತ್ತು ವೈರ್ ಪೂರ್ತಿ ಕೈಯಾಡಿಸಿ ನೋಡಿ. ಎಲ್ಲಾದರೂ ಕಂದಿದ್ದರೆ, ಉಬ್ಬಿದ್ದರೆ, ಇಲಿ ಕಡಿದಿದ್ದರೆ ಎಸೆಯಿರಿ.

ಥಂಡಿ ರಾತ್ರಿ ಕರೆಂಟ್ ಹೋದರೆ?

ಒಂದೆರಡು ತಾಸಿಗೆ ಏನೂ ಆಗಲ್ಲ. ಗೂಡಿನ ಮೇಲೆ ಕಂಬಳಿ ಹೊದಿಸಿ, ಗಾಳಿ ಹೋಗಲು ಒಂದು ಬದಿ ತೆರೆದಿಡಿ. ಹೊದಿಸುವ ಮೊದಲು ಸೆರಾಮಿಕ್, ಬಲ್ಬ್ ಸ್ವಿಚ್ ಆಫ್ ಮಾಡಿ. ಕರೆಂಟ್ ಬಂದಾಗ ನೀವು ನಿದ್ದೆಯಲ್ಲಿರ್ತೀರಿ, ಕಂಬಳಿ ಕೆಳಗೆ 200 ಡಿಗ್ರಿಯದು ಹತ್ತಿಕೊಳ್ಳುತ್ತೆ. ರಾತ್ರಿಯೆಲ್ಲ ಬರಲ್ಲ ಅಂತಾದರೆ ಬಾಟಲಿಯಲ್ಲಿ ಬಿಸಿನೀರು ತುಂಬಿ, ಟವೆಲ್ ಸುತ್ತಿ ಗೂಡಿನ ಒಂದು ತುದಿಯಲ್ಲಿಡಿ. ಕುದಿಯುವ ನೀರಲ್ಲ, ಸ್ನಾನದ ನೀರಿನಷ್ಟು. ಇನ್ವರ್ಟರ್‌ಗೆ 8 ವ್ಯಾಟ್ ಮ್ಯಾಟ್ ಲೆಕ್ಕಕ್ಕೇ ಇಲ್ಲ, ಆ ಸಾಕೆಟ್‌ಗೇ ಹಾಕಿಬಿಡಿ. ಕೈಯಲ್ಲಿ ಹಿಡಿದು ಅಂಗಿಯೊಳಗೆ ಇಟ್ಟುಕೊಂಡು ಮಲಗಿದವರೂ ನನಗೆ ಗೊತ್ತು. ಹಾಗೆ ಮಾಡಬೇಡಿ, ಮಗ್ಗಲು ಬದಲಿಸಿದರೆ ಮುಗೀತು.

ಬೇಸಿಗೆಯಲ್ಲಿ ಏನು ಮಾಡೋದು?

ನಮ್ಮ ಕಡೆ ನಿಜವಾದ ಕಷ್ಟ ಇದೇ. ಚಳಿಗೆ ಗೆಕ್ಕೊ ವಾರಗಟ್ಟಲೆ ಮಂಕಾಗಿ ಸುಳಿವು ಕೊಡುತ್ತೆ. ಝಳಕ್ಕೆ ಒಂದು ಮಧ್ಯಾಹ್ನ ಸಾಕು. ಗೂಡಿನೊಳಗೆ ಎಲ್ಲೂ ತಂಪಿಲ್ಲದೆ ಗಾಳಿ 35 ದಾಟಿ ತಾಸುಗಟ್ಟಲೆ ನಿಂತರೆ ಅಪಾಯ.

ಮೊದಲ ಕೆಲಸ, ಗೂಡಿನ ಜಾಗ ಬದಲಿಸಿ. ಮಾಳಿಗೆ ಮೇಲಿನ ಆರ್‌ಸಿಸಿ ಕೋಣೆ ರಾತ್ರಿ ಹತ್ತಾದರೂ ಗವ್ವೆನ್ನುತ್ತೆ, ಅಲ್ಲಿ ಬೇಡ. ಕೆಳಮನೆಯಲ್ಲಿ, ಪಡುವಣ ಗೋಡೆಗೆ ದೂರ, ಕಿಟಕಿ ಬಿಸಿಲು ಬೀಳದ ಕಡೆ, ನೆಲದ ಹತ್ತಿರ ಇಡಿ. ಗಾಜಿನ ಗೂಡಿಗೆ ನೇರ ಬಿಸಿಲು ಬಿದ್ದರೆ ಹತ್ತು ನಿಮಿಷದಲ್ಲಿ ಒಳಗೆ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಕಥೆ. ಹಳೇ ಕಲ್ಲಿನ ಮನೆಯಿದ್ದವರು ಪುಣ್ಯವಂತರು, ಫರಸಿ ನೆಲ ಮೇ ತಿಂಗಳಲ್ಲೂ ತಣ್ಣಗಿರುತ್ತೆ.

ಕೂಲರ್ ಗಾಳಿ ಕೋಣೆಗೆ ಬರಲಿ, ಗೂಡಿಗೆ ನೇರ ಹೊಡೆಯೋದು ಬೇಡ. ಎಸಿ ಇದ್ದರೆ 27ಕ್ಕೆ ಇಡಿ. ಏನೂ ಇಲ್ಲದಿದ್ದರೆ ಫ್ರೀಜರ್‌ನಲ್ಲಿ ನೀರಿನ ಬಾಟಲಿ ಗಟ್ಟಿ ಮಾಡಿ, ಬಟ್ಟೆ ಸುತ್ತಿ, ತಣ್ಣಗಿನ ತುದಿಯ ಗಾಜಿಗೆ ಹೊರಗಿನಿಂದ ಒರಗಿಸಿ. ಎರಡು ಬಾಟಲಿ ಇಟ್ಟುಕೊಂಡರೆ ಒಂದು ಕರಗುವಷ್ಟರಲ್ಲಿ ಇನ್ನೊಂದು ಸಿದ್ಧ.

ಬಾಯಿ ತೆರೆದು ಉಸಿರಾಡುತ್ತಿದ್ದರೆ, ಗಾಜು ಪರಪರ ಕೆರೆಯುತ್ತಿದ್ದರೆ, ಇಲ್ಲವೇ ಚಪ್ಪಟೆಯಾಗಿ ಬಿದ್ದಿದ್ದರೆ ಕಾಯಬೇಡಿ. ತೂತಿರುವ ಡಬ್ಬಿಗೆ ಹಾಕಿ ಮನೆಯ ಅತಿ ತಂಪಾದ ಕೋಣೆಗೆ ಒಯ್ಯಿರಿ, ಕೆಳಗೆ ಸಾದಾ ನೀರಲ್ಲಿ ಹಿಂಡಿದ ಬಟ್ಟೆ ಹಾಸಿ. ಐಸ್ ನೀರಿನಲ್ಲಿ ಮುಳುಗಿಸಬೇಡಿ.

ಹೊಟ್ಟೆ ಸುಟ್ಟಿದೆ ಅನಿಸುತ್ತಿದೆ. ಮನೆ ಮದ್ದು ಇದೆಯಾ?

ಹೊಟ್ಟೆ ಕೆಂಪಾಗಿದ್ದರೆ, ಬಿಳಿಚಿ ಗಟ್ಟಿಯಾಗಿದ್ದರೆ, ಗುಳ್ಳೆ ಎದ್ದಿದ್ದರೆ ಸುಟ್ಟಿದೆ. ಹೀಟರ್ ತೆಗೆಯಿರಿ. ತಣ್ಣನೆಯ ಸಾದಾ ನೀರಿನಲ್ಲಿ ಹೊಟ್ಟೆ ಮಾತ್ರ ನೆನೆಯುವ ಹಾಗೆ ಹತ್ತು ನಿಮಿಷ ಹಿಡಿಯಿರಿ. ಅರಿಶಿನ, ಟೂತ್‌ಪೇಸ್ಟ್, ಎಣ್ಣೆ ಯಾವುದೂ ಬೇಡ. ಮಣ್ಣು ಮರಳು ತೆಗೆದು ಟಿಶ್ಯೂ ಪೇಪರ್ ಹಾಸಿ, ಡಾಕ್ಟರ್ ಹತ್ತಿರ ಹೋಗಿ. ಎಲ್ಲ ಪಶುವೈದ್ಯರೂ ಹಲ್ಲಿ ಜಾತಿಯನ್ನು ನೋಡಲ್ಲ, ಹೋಗುವ ಮೊದಲು ಫೋನ್ ಮಾಡಿ ಕೇಳಿ. ಬೀದರ್‌ನ ನಂದಿನಗರದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಅಲ್ಲೂ ವಿಚಾರಿಸಬಹುದು. ಗಾಯ ಚಿಕ್ಕದು ಅಂತ ಬಿಟ್ಟರೆ ಒಳಗೆ ಕೀವಾಗುತ್ತೆ.

ಹೀಟರ್ ಹಾಕಿದ ಮೇಲೆ ಪೊರೆ ಸರಿಯಾಗಿ ಬಿಡ್ತಿಲ್ಲ, ಯಾಕೆ?

ನಮ್ಮ ಗಾಳಿ ಮೊದಲೇ ಒಣ, ಹೀಟರ್ ಇನ್ನೂ ಒಣಗಿಸುತ್ತೆ. ಮುಚ್ಚಳ ಇರುವ ಡಬ್ಬಿಗೆ ಬಾಗಿಲು ಕೊರೆದು, ಒಳಗೆ ಒದ್ದೆ ಟಿಶ್ಯೂ ಇಟ್ಟು ಬೆಚ್ಚಗಿನ ಕಡೆಗೆ ಹತ್ತಿರ ಇಡಿ. ಬೆರಳ ತುದಿಯಲ್ಲಿ ಪೊರೆ ಉಂಗುರದ ಹಾಗೆ ಉಳಿದರೆ ರಕ್ತ ಓಡದೆ ಬೆರಳೇ ಉದುರುತ್ತೆ, ಅದನ್ನು ಮಾತ್ರ ಪ್ರತಿ ಸಲ ನೋಡಿ.

ಕರೆಂಟ್ ಬಿಲ್ ಜಾಸ್ತಿ ಬರುತ್ತಾ?

8 ವ್ಯಾಟ್ ಮ್ಯಾಟ್ ದಿನಕ್ಕೆ 12 ತಾಸು ಉರಿದರೂ ತಿಂಗಳಿಗೆ ಮೂರು ಯೂನಿಟ್ ಆಗಲ್ಲ. ಮನೆಯವರಿಗೆ ಇದನ್ನು ಮೊದಲೇ ಹೇಳಿಬಿಡಿ.

ಕ್ರೆಸ್ಟೆಡ್ ಗೆಕ್ಕೊ, ಟೋಕೆ ಗೆಕ್ಕೊಗೂ ಇದೇ ಲೆಕ್ಕವಾ?

ಅಲ್ಲ. ಕ್ರೆಸ್ಟೆಡ್ ಗೆಕ್ಕೊ ನ್ಯೂ ಕ್ಯಾಲೆಡೋನಿಯಾ ದ್ವೀಪದ್ದು, ಅಳಿದೇ ಹೋಯ್ತು ಅಂದುಕೊಂಡಿದ್ದು 1994ರಲ್ಲಿ ಮತ್ತೆ ಸಿಕ್ಕಿತು. ಅದಕ್ಕೆ 28 ಡಿಗ್ರಿಯೇ ಜಾಸ್ತಿ. ಬೇಸಿಗೆಯಲ್ಲಿ ಹಗಲು ರಾತ್ರಿ ಎಸಿ ಹಾಕುವ ಮನೆಯಲ್ಲದಿದ್ದರೆ ನಮ್ಮ ಊರಿಗೆ ತರಬೇಡಿ. ಟೋಕೆ ಅಂತೂ ಕಾನೂನಿನ ರಕ್ಷಣೆ ಇರುವ ಕಾಡುಪ್ರಾಣಿ, ಆ ಮಾತೇ ಬೇಡ. ಗುಡ್ಡದಲ್ಲಿ ಕಂಡ ಯಾವ ಹಲ್ಲಿಯನ್ನೂ ಹಿಡಿದು ತರಬೇಡಿ. 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದ ಮೇಲೆ ಹಲವು ವಿದೇಶಿ ಪ್ರಾಣಿಗಳಿಗೂ ನೋಂದಣಿ ಬೇಕಾಗಿದೆ. ಲೆಪರ್ಡ್ ಗೆಕ್ಕೊ ಆದರೂ ಸರಿ, ಕೊಳ್ಳುವ ಮೊದಲೇ ಅರಣ್ಯ ಇಲಾಖೆಯಲ್ಲಿ ಕೇಳಿ, ರಸೀದಿ ಕೊಡದವರ ಹತ್ತಿರ ಕೊಳ್ಳಬೇಡಿ.

ಹಬ್ಬಕ್ಕೆ ಊರಿಗೆ ಹೋಗ್ತೀವಿ, ಹೀಟರ್ ಹಚ್ಚಿಟ್ಟು ಹೋಗಬಹುದಾ?

ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಭಜ್ಜಿ ಉಂಡು ಸಂಜೆ ಬರುವುದಾದರೆ ಮ್ಯಾಟ್ ಹಾಗೇ ಇರಲಿ, ಸೆರಾಮಿಕ್, ಬಲ್ಬ್ ಆರಿಸಿ ಹೋಗಿ. ಎರಡು ಮೂರು ದಿನ ಆದರೆ ದಿನಕ್ಕೊಮ್ಮೆ ಬಂದು ನೋಡುವವರು ಬೇಕು. ಹೋಗುವ ಹಿಂದಿನ ಎರಡು ದಿನ ಹುಳ ಹಾಕಬೇಡಿ. ಹೊಟ್ಟೆ ತುಂಬಿರುವಾಗ ಬಿಸಿ ತಪ್ಪಿದರೆ ಕಷ್ಟ, ಖಾಲಿ ಇದ್ದರೆ ದೊಡ್ಡ ಗೆಕ್ಕೊ ನಾಲ್ಕು ದಿನ ಆರಾಮಾಗಿ ಇರುತ್ತೆ. ನೀರು ಮಾತ್ರ ತುಂಬಿಟ್ಟು ಹೋಗಿ.

ನಾನು ಬೀಗದ ಕೈ ಕೊಟ್ಟು ಹೋಗೋದು ಆ ಪಕ್ಕದ ಮನೆ ಕಾಕಾಗೇ. ಗೂಡಿನ ಗಾಜಿಗೆ ಚೀಟಿ ಅಂಟಿಸಿದ್ದೀನಿ: 34 ದಾಟಿದರೆ ಈ ಪ್ಲಗ್ ಕಿತ್ತುಬಿಡಿ, ಬೇರೇನೂ ಮುಟ್ಟಬೇಡಿ, ಫೋನ್ ಮಾಡಿ. ಹೋದ ಸಲ ರಾತ್ರಿ ಹನ್ನೊಂದಕ್ಕೆ ಫೋನ್ ಬಂತು. ಎದೆ ಧಸಕ್ಕೆಂದಿತು. "ಮೂವತ್ತೆರಡ ಅದ, ಆರಾಮ ಮಲಗ್ಯಾದ. ಸುಮ್ಮ ಹೇಳಬೇಕನಸ್ತು" ಅಂದರು.